ಸ್ಕಾರ್‌ವಿಕ್‌ನ ಉಪ್ಪುಮನೆ

ಉಪ್ಪುಮನೆಯನ್ನು ಕೆಡವಬೇಕೋ ಉಳಿಸಿಕೊಳ್ಳಬೇಕೋ ಎಂಬ ಮಾತಿಗೆ ಸ್ಕಾರ್‌ವಿಕ್ ಊರು ಎರಡು ಹೋಳಾಗಿತ್ತು. ಊರಸಭೆಯಲ್ಲಿ ಹದಿಮೂರು ಜನ ಸದಸ್ಯರು. ಆರು ಜನ ಉಳಿಸಬೇಕು ಅನ್ನುವವರು, ಆರು ಜನ ಕೆಡವಬೇಕು ಅನ್ನುವವರು. ಹದಿಮೂರನೆಯವಳು ಅಧ್ಯಕ್ಷೆ ಗುನ್‌ವೋರ್ ಮಿಕಲ್ಸೆನ್, ಊರಿನ ಅಂಚೆ ಕಚೇರಿ ನೋಡಿಕೊಳ್ಳುವವಳು. ಮುಂದಿನ ಮಂಗಳವಾರ ಅವಳು ಯಾವ ಕಡೆಗೆ ಕೈಯೆತ್ತುತ್ತಾಳೆ ಎಂದು ಊರೆಲ್ಲ ಲೆಕ್ಕ ಹಾಕುತ್ತಿತ್ತು. ಅವಳಿಗೇ ಗೊತ್ತಿರಲಿಲ್ಲ.

ಬಂದರಿನ ಕಟ್ಟೆಯ ಮೇಲೆ, ಅರ್ಧ ನೆಲಕ್ಕೂ ಅರ್ಧ ಸಮುದ್ರದೊಳಗಿನ ಮರದ ಕಂಬಗಳಿಗೂ ಕಾಲೂರಿ ನಿಂತ ದೊಡ್ಡ ಮರದ ಕಟ್ಟಡ ಅದು. ಕಾಡ್ ಎಂಬ ಸಮುದ್ರದ ಮೀನು ಕೆಡದಂತೆ ಹಾಕುವ ಉಪ್ಪನ್ನು ಅಲ್ಲಿ ರಾಶಿ ಹಾಕುತ್ತಿದ್ದರು. ಯುದ್ಧದ ಕೊನೆಯಲ್ಲಿ, ಸಾವಿರದ ಒಂಬೈನೂರ ನಲವತ್ತನಾಲ್ಕರ ಶರತ್ಕಾಲದಲ್ಲಿ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರು ಊರಿನ ಮನೆಗಳಿಗೆಲ್ಲ ಬೆಂಕಿಯಿಟ್ಟರು. ಉಪ್ಪುಮನೆಗೂ ಇಟ್ಟರು. ಒಂದು ಮೂಲೆ ಕರಕಲಾಯಿತು, ಬೆಂಕಿ ತಾನಾಗಿ ಆರಿತು. ಎಂಬತ್ತು ವರ್ಷ ಉಪ್ಪು ಕುಡಿದ ಮರ ಉರಿಯಲಿಲ್ಲ ಎಂದು ಊರವರು ಈಗಲೂ ಹೇಳುತ್ತಾರೆ. ಗುಡ್ಡದ ಗುಹೆಗಳಲ್ಲಿ ಅಡಗಿದ್ದವರು ಇಳಿದು ಬಂದು ನೋಡಿದಾಗ ಊರಿನಲ್ಲಿ ನಿಂತಿದ್ದುದು ಅದೊಂದೇ. ನಲವತ್ತಮೂರು ಜನ, ಒಂದು ಹಸು, ಎರಡು ಕುರಿಗಳ ಜೊತೆ ಆ ಚಳಿಗಾಲವನ್ನು ಅದರೊಳಗೆ ಕಳೆದರು. ಗುನ್‌ವೋರ್‌ಗೆ ಆಗ ಹದಿನೇಳು. ಅವಳ ಅಕ್ಕ ಮಾಗ್ನಹಿಲ್ಡ್ ಜನವರಿಯಲ್ಲಿ ಅಲ್ಲೇ ಹೆತ್ತಳು.

ಈಗ ಅಂಚೆ ಕಚೇರಿಯ ಮೇಜಿನ ಮೇಲೆ ಗುನ್‌ವೋರ್ ಮುಂದೆ ಎರಡು ಕಾಗದಗಳಿದ್ದವು. ಒಂದು ಬಂದರಿನ ಎಂಜಿನಿಯರ್ ಬರೆದದ್ದು: ಸಮುದ್ರದ ಕಡೆಯ ಕಂಬಗಳನ್ನು ಹುಳು ತಿಂದು ಟೊಳ್ಳು ಮಾಡಿದೆ, ಉಪ್ಪು ಕಬ್ಬಿಣದ ಬೋಲ್ಟುಗಳನ್ನು ತಿಂದಿದೆ, ಇನ್ನೊಂದು ಜೋರು ಬಿರುಗಾಳಿ ತಡೆಯುವುದು ಅನುಮಾನ. ಫೆಬ್ರವರಿಯಲ್ಲಿ ಚಾವಣಿಯ ತಗಡೊಂದು ಹಾರಿ ಎರಡು ದೋಣಿಗಳ ನಡುವೆ ಬಿದ್ದದ್ದನ್ನು ಎಲ್ಲರೂ ನೋಡಿದ್ದರು. ಇನ್ನೊಂದು ಕಾಗದ ಪುರಾತನ ಕಟ್ಟಡಗಳ ಇಲಾಖೆಯದು: ಒಳಗೆ ಉಕ್ಕಿನ ಚೌಕಟ್ಟು ನಿಲ್ಲಿಸಿ ಕಟ್ಟಡವನ್ನು ಕಾಪಾಡಬಹುದು, ಆದರೆ ಆ ಕಟ್ಟೆಯಲ್ಲಿ ಇನ್ನು ಯಾವ ಕೆಲಸವೂ ನಡೆಯಬಾರದು. ದೋಣಿಗಳಿಗೆ ಗಾಳಿಯ ಮರೆ ಸಿಗುವ ಜಾಗ ಬಂದರಿನಲ್ಲಿ ಅದೊಂದೇ. ಮೀನು ಇಳಿಸಲು, ಅದು ಕೆಡದಂತೆ ಇಡುವ ಮಂಜುಗಡ್ಡೆಯ ಮನೆ ಕಟ್ಟಲು ಅಲ್ಲಿ ಆಗದಿದ್ದರೆ ದೋಣಿಗಳು ಪಕ್ಕದ ಊರಿನ ದಾರಿ ಹಿಡಿಯುತ್ತವೆ. ಆಗಲೇ ಮೂರು ಹೋಗಿದ್ದವು.

ಬಾಗಿಲು ದಬ್ಬಿಕೊಂಡು ರಾಕೆಲ್ ಒಳಗೆ ಬಂದಳು. ಮಾಗ್ನಹಿಲ್ಡಳ ಮಗಳು, ಉಪ್ಪುಮನೆಯಲ್ಲಿ ಹುಟ್ಟಿದವಳು. ಮೂವತ್ತೆಂಟು ವರ್ಷ, ಊರ ಶಾಲೆಯ ಟೀಚರ್. ಕಾಗದದ ಕಟ್ಟೊಂದನ್ನು ಮೇಜಿನ ಮೇಲೆ ಇಟ್ಟಳು.

"ಇನ್ನೂರ ಹನ್ನೆರಡು ಸಹಿ, ಚಿಕ್ಕಮ್ಮ. ಊರಲ್ಲಿ ಇರೋದೇ ನಾನೂರು ಚಿಲ್ಲರೆ ಜನ."

"ಇದ್ರಲ್ಲಿ ನಿನ್ನ ಸ್ಕೂಲ್ ಮಕ್ಕಳದ್ದೆಷ್ಟು?"

"ಹದಿನಾಲ್ಕು. ನಿಮ್ಮ ಸದಸ್ಯರಿಗಿಂತ ಚೆನ್ನಾಗೇ ಬರೀತಾರೆ."

ಗುನ್‌ವೋರ್‌ಗೆ ನಗು ಬಂತು. ರಾಕೆಲ್ ನಗಲಿಲ್ಲ.

"ಕೆಡವೋರ ಕಡೆಯ ಎಡ್ವಿನ್ ಏನಂದ ಗೊತ್ತಾ? ಕಾಫಿ ಅಂಗಡೀಲಿ ಎಲ್ಲರ ಮುಂದೆ ಅಂದ. ಸುಮ್ನೆ ಸುಟ್ಟುಬಿಡೋಣ, ನಮ್ಮ ಅಗ್ನಿಶಾಮಕದೋರಿಗೆ ಅಭ್ಯಾಸಾನೂ ಆಗತ್ತೆ ಅಂದ. ಸುಡೋದು! ಆ ಮನೇನ!"

"ಗೊತ್ತು. ಅವನಿಗೆ ಅವರಮ್ಮನೇ ಎರಡು ದಿನ ಊಟ ಹಾಕಿಲ್ವಂತೆ."

"ಒಳ್ಳೇದಾಯ್ತು. ಚಿಕ್ಕಮ್ಮ, ನೀನು ಅದರೊಳಗೆ ಬದುಕಿದೋಳು. ನೀನು ಕೆಡವು ಅಂದ್ರೆ ನಾನು ಯಾರ ಹತ್ರ ಹೋಗ್ಲಿ?"

ರಾಕೆಲ್ ಹೋದಮೇಲೆ ಗುನ್‌ವೋರ್ ಕಿಟಕಿಯಿಂದ ಉಪ್ಪುಮನೆಯ ಕಡೆ ನೋಡಿದಳು. ಕಟ್ಟಡ ಸಮುದ್ರದತ್ತ ಒಂದಿಷ್ಟು ವಾಲಿಕೊಂಡಿತ್ತು. ಅದಕ್ಕೆ ಏನು ಬೇಕು ಎಂದು ತಿಳಿದವನು ಊರಿನಲ್ಲಿ ಒಬ್ಬನೇ ಇದ್ದ.

ಹಾರ್ಟ್‌ವಿಗ್ ಪೇರ್ಸೆನ್‌ಗೆ ಎಂಬತ್ತೊಂದು. ದೋಣಿ ಕಟ್ಟುವ ಬಡಗಿ. ಆ ಚಳಿಗಾಲದಲ್ಲಿ ನಲವತ್ತಮೂರು ಜನರ ಯಜಮಾನನಂತೆ ಇದ್ದವನು. ಎಣ್ಣೆಯ ಪೀಪಾಯಿ ಕೊರೆದು ಒಲೆ ಮಾಡಿದವನು, ಬಿರುಕುಗಳಿಗೆ ಪಾಚಿ ತುಂಬಿದವನು, ಯಾವ ಕುಟುಂಬ ಎಲ್ಲಿ ಮಲಗಬೇಕೆಂದು ನೆಲದ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದವನು. ಇಷ್ಟು ದಿನ ಈ ಜಗಳದಲ್ಲಿ ಅವನು ಒಂದು ಮಾತೂ ಆಡಿರಲಿಲ್ಲ. ಅವನು ಉಳಿಸುವವರ ಕಡೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಮರುದಿನ ಮಧ್ಯಾಹ್ನ ಗುನ್‌ವೋರ್ ಅವನ ಮನೆಗೆ ಹೋದಳು. ಅವಳ ಮಾತು ಮುಗಿಯುವ ಮೊದಲೇ ಮುದುಕ ಮೊಳೆಗೆ ನೇತುಹಾಕಿದ್ದ ಕೋಟು ತೆಗೆದುಕೊಂಡ. ಜೇಬಿಗೆ ಒಂದು ದಬ್ಬಣ ಹಾಕಿಕೊಂಡ.

"ಬಾ ಹುಡುಗಿ, ಅಲ್ಲೇ ಹೋಗಿ ಮಾತಾಡೋಣ."

"ಐವತ್ತಾರು ಆಯ್ತು ನನಗೆ, ಹಾರ್ಟ್‌ವಿಗ್."

"ಆಗ್ಲಿ ಬಿಡು. ನನಗೆ ನೀನು ಕುರಿ ಕಳ್ಕೊಂಡು ಅಳ್ತಿದ್ದ ಹುಡುಗೀನೇ."

ಒಳಗೆ ತಣ್ಣಗಿತ್ತು. ಹಲಗೆಗಳ ಸಂದಿನಿಂದ ಏಪ್ರಿಲ್ ಬೆಳಕು ಗೆರೆಗೆರೆಯಾಗಿ ಬೀಳುತ್ತಿತ್ತು. ಹಾರ್ಟ್‌ವಿಗ್ ಒಂದು ಕಂಬದ ಬುಡಕ್ಕೆ ದಬ್ಬಣ ಚುಚ್ಚಿದ. ಹಿಡಿಯವರೆಗೂ ಇಳಿಯಿತು, ಬೆಣ್ಣೆಗೆ ಇಳಿದಂತೆ. ಇನ್ನೊಂದು ಕಂಬ, ಮತ್ತೊಂದು. ಮೂರಕ್ಕೂ ಅದೇ ಗತಿ. ನಾಲ್ಕನೆಯದಕ್ಕೆ ಚುಚ್ಚಲಿಲ್ಲ. ತಲೆಯೆತ್ತಿ ಚಾವಣಿಯ ಕೆಳಗಿನ ಹಲಗೆಗಳನ್ನು ತೋರಿಸಿದ.

"ಆ ಹಲಗೆ ಹಿಂದೆ ಏನಿದೆ ಗೊತ್ತಾ?"

"ಅಡ್ಡಮರ. ಗೋಡೆಗಳನ್ನ ಹಿಡಿದಿರೋದು."

"ಇರಬೇಕಿತ್ತು. ಇಲ್ಲ. ನಾನೇ ಕೊಯ್ದೆ."

ಗುನ್‌ವೋರ್‌ಗೆ ಅರ್ಥವಾಗಲಿಲ್ಲ. ಮುದುಕ ಮಗುಚಿಟ್ಟಿದ್ದ ಮೀನಿನ ಪೆಟ್ಟಿಗೆಯ ಮೇಲೆ ಕುಳಿತ.

"ಆ ಜನವರೀಲಿ ಒಂಬತ್ತು ದಿನ ಬಿರುಗಾಳಿ ಹೊಡೀತಲ್ಲ, ನೆನಪಿದ್ಯಾ? ದಡಕ್ಕೆ ಬಂದ ಮರದ ತುಂಡೆಲ್ಲ ಹಿಮದಡಿ ಹೂತುಹೋಗಿತ್ತು. ಕಟ್ಟಿಗೆ ಮುಗೀತು. ಕೆಳಗಿನ ಮರ ಕಿತ್ತು ಒಲೆಗೆ ಹಾಕಿ ನೋಡ್ದೆ, ಉಪ್ಪು ಕುಡಿದಿತ್ತು, ಬರೀ ಹೊಗೆ. ಮೇಲಿನದು ಒಣಗಿತ್ತು. ನಿಮ್ಮಕ್ಕನಿಗೆ ನೋವು ಶುರುವಾಗಿತ್ತು. ಮಕ್ಕಳ ತುಟಿ ನೀಲಿ ಆಗಿತ್ತು. ಏಣಿ ಹಾಕ್ಕೊಂಡು ಹತ್ತಿ, ಒಂದು ಬಿಟ್ಟು ಒಂದು ಅಡ್ಡಮರ ಕೊಯ್ದೆ. ಹನ್ನೊಂದು ಮರ. ಗರಗಸದ ಸದ್ದು ಗಾಳೀಲಿ ಮುಳುಗಿತ್ತು, ಆ ಕತ್ತಲೆ ಹೊಗೇಲಿ ಮೇಲಿನದು ಯಾರಿಗೂ ಕಾಣ್ತಿರ್ಲಿಲ್ಲ. ನಾನೂ ಹೇಳ್ಲಿಲ್ಲ. ಚಾವಣಿ ತಲೆ ಮೇಲೆ ಬೀಳತ್ತೆ ಅಂತ ಹೆದರ್ತಿದ್ರು."

ಗುನ್‌ವೋರ್ ತಲೆಯೆತ್ತಿ ಆ ಹಲಗೆಗಳನ್ನು ನೋಡಿದಳು. ಅಕ್ಕನ ಕೈ ಹಿಡಿದು ಕುಳಿತದ್ದು, ಪಾತ್ರೆಯಲ್ಲಿ ಹಿಮ ಕರಗಿಸಿ ನೀರು ಕಾಯಿಸಿದ್ದು, ಮಗು ಅತ್ತಾಗ ಹಸುವೂ ಕೂಗಿ ಎಲ್ಲರೂ ನಕ್ಕಿದ್ದು ಎಲ್ಲ ನೆನಪಿತ್ತು. ಒಲೆ ಉರಿಯುತ್ತಿದ್ದದ್ದೂ ನೆನಪಿತ್ತು. ಕಟ್ಟಿಗೆ ಎಲ್ಲಿಂದ ಬಂತು ಎಂದು ಈ ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ.

"ಯುದ್ಧ ಮುಗಿದ ಮೇಲೆ ಹೊಸ ಮರ ಹಾಕ್ತೀನಿ ಅಂದ್ಕೊಂಡಿದ್ದೆ," ಎಂದ ಹಾರ್ಟ್‌ವಿಗ್. "ಊರೋರಿಗೆಲ್ಲ ಮನೆ ಬೇಕಿತ್ತು, ದೋಣಿ ಬೇಕಿತ್ತು. ಹಲಗೆ ಹೊಡೆದು ಮುಚ್ಚಿಟ್ಟೆ. ಆಮೇಲೆ ಆಮೇಲೆ ಅಂತ ಇಷ್ಟು ವರ್ಷ ಆಯ್ತು. ಅದು ವಾಲೋಕೆ ಶುರುವಾಗಿದ್ದು ಅವತ್ತಿಂದಾನೇ. ಹುಳು, ತುಕ್ಕು ಎಲ್ಲ ಆಮೇಲೆ ಬಂದಿದ್ದು. ಈ ಮನೇನ ಕೊಂದಿದ್ದು ನಾನು, ಗುನ್‌ವೋರ್. ಅದಕ್ಕೇ ಯಾವ ಕಡೆಗೂ ಬಾಯಿ ಬಿಡ್ಲಿಲ್ಲ."

"ಕೊಂದಿದ್ದಲ್ಲ ಹಾರ್ಟ್‌ವಿಗ್. ನೀವು ಕೇಳಿದ್ರಿ, ಅದು ಕೊಡ್ತು."

ಮುದುಕ ಮೂಗು ಒರೆಸಿಕೊಂಡ. ಗುನ್‌ವೋರ್ ಗೋಡೆಗೆ ಅಂಗೈ ಒತ್ತಿ ನಿಂತಳು. ತಾನು ಮದುವೆಯಾದದ್ದು, ಮೂರು ಮಕ್ಕಳನ್ನು ಸಾಕಿದ್ದು, ಅಂಚೆಯ ಮೊಹರು ಒತ್ತುತ್ತ ಬೆಳಗಾಗಿ ಬೈಗಾದ ಸಾವಿರಾರು ದಿನಗಳು, ಎಲ್ಲವೂ ಈ ಮನೆ ಉಳಿಸಿಕೊಟ್ಟ ಬದುಕು ಎಂದು ಅವಳಿಗೆ ಅನ್ನಿಸಿತು. ದುಃಖವಾಗಲಿಲ್ಲ. ಯಾರೋ ತನಗೆ ಗೊತ್ತಿಲ್ಲದಂತೆ ಬಹಳ ಕಾಲ ತನ್ನನ್ನು ನೋಡಿಕೊಂಡಿದ್ದರು ಎಂದು ತಡವಾಗಿ ತಿಳಿದವಳಂತೆ ಅವಳು ನಿಂತಿದ್ದಳು.

"ಮಂಗಳವಾರ ಸಭೆಗೆ ಬಂದು ಇದನ್ನೇ ಹೇಳ್ತೀರಾ?"

"ರಾಕೆಲ್ ಇರ್ತಾಳಲ್ಲ."

"ಅವಳಿಗೇ ಗೊತ್ತಾಗಬೇಕಾದ್ದು."

ಮಂಗಳವಾರ ಸಂಜೆ ಐದಕ್ಕೆ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ದೊಡ್ಡವರು ಮೊಣಕಾಲು ಮಡಚಿ ಕುಳಿತಿದ್ದರು. ರಾಕೆಲ್ ಮುಂದಿನ ಸಾಲಿನಲ್ಲಿದ್ದಳು. ಹಾರ್ಟ್‌ವಿಗ್ ಎದ್ದು, ಟೋಪಿಯನ್ನು ಕೈಯಲ್ಲಿ ಮುದುಡುತ್ತ, ಅಡ್ಡಮರಗಳ ಕತೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿ ಕುಳಿತುಬಿಟ್ಟ. ಆಮೇಲೆ ಗುನ್‌ವೋರ್ ಮಾತಾಡಿದಳು.

"ಈ ಮನೆ ನಮಗೆ ಕೊಡೋದನ್ನೆಲ್ಲ ಕೊಟ್ಟಾಯ್ತು. ತನ್ನ ಮೂಳೇನೂ ಕೊಡ್ತು. ಈಗ ಅದಕ್ಕೆ ಉಕ್ಕಿನ ಊರುಗೋಲು ಕೊಟ್ಟು ನಿಲ್ಲಿಸಿ, ಸುತ್ತ ಬೇಲಿ ಹಾಕಿ, ಒಳಗೆ ಬರಬೇಡಿ ಅಂತ ಬೋರ್ಡ್ ಬರೆಯೋಕೆ ನನಗೆ ಮನಸ್ಸಿಲ್ಲ. ಬಾಗಿಲು ಹಾಕ್ಕೊಂಡಿದ್ದ ಮನೆ ಅಲ್ಲ ಅದು. ಕೆಡವೋಣ. ಆದರೆ ಬೆಂಕಿ ಹಚ್ಚಬಾರದು, ಯಂತ್ರ ನುಗ್ಗಿಸಬಾರದು. ಕಟ್ಟಿದೋರು ಕೈಯಲ್ಲಿ ಕಟ್ಟಿದ್ರು, ನಾವು ಕೈಯಲ್ಲೇ ಬಿಚ್ಚೋಣ. ಅಲ್ಲಿ ದೋಣಿ ಬರಲಿ."

ಕೈಗಳು ಎದ್ದವು. ಆರು, ಆರು, ಒಂದು. ರಾಕೆಲ್ ಸಭೆಯ ಮೇಜಿನ ಮೇಲಿದ್ದ ಸಹಿಯ ಕಟ್ಟನ್ನು ಎತ್ತಿ ಎದೆಗವಚಿಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಆಮೇಲೆ ಐದು ವಾರ ಅವಳು ಚಿಕ್ಕಮ್ಮನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅಂಚೆ ಕಚೇರಿಗೆ ಬಂದರೆ ಅಂಚೆಚೀಟಿ ತೆಗೆದುಕೊಂಡು ಹೋಗುವಳು. ಭಾನುವಾರದ ಕಾಫಿಗೆ ಬರುವುದನ್ನು ನಿಲ್ಲಿಸಿದಳು. ಗುನ್‌ವೋರ್ ಪ್ರತಿ ಭಾನುವಾರ ಎರಡು ಲೋಟ ಇಡುತ್ತಿದ್ದಳು, ಬಳಸದ ಒಂದನ್ನು ಹಾಗೇ ಒಳಗಿಡುತ್ತಿದ್ದಳು.

ಜೂನ್ ಮೊದಲ ವಾರ ಕೆಲಸ ಶುರುವಾಯಿತು. ಹಾರ್ಟ್‌ವಿಗ್ ಕಟ್ಟೆಯ ಮೇಲೆ ಪೆಟ್ಟಿಗೆ ಹಾಕಿಕೊಂಡು ಕುಳಿತು ಮರಗಳನ್ನು ಜೋಡಿಸಿದ್ದ ಯಾವ ಗೂಟ ಮೊದಲು, ಯಾವುದು ಆಮೇಲೆ ಎಂದು ಕೋಲಿನಿಂದ ತೋರಿಸುತ್ತಿದ್ದ. ಮೊದಲ ದಿನ ಹದಿನೈದು ಜನ ಬಂದಿದ್ದರು, ಮೂರನೆಯ ದಿನ ನಲವತ್ತು. ಎಡ್ವಿನ್ ಕೂಡ ತಲೆ ತಗ್ಗಿಸಿಕೊಂಡು ಬಂದ.

"ಬೆಂಕಿಪೊಟ್ಟಣ ಮನೇಲಿ ಬಿಟ್ಟು ಬಂದ್ಯೇನೋ?" ಎಂದು ಹಾರ್ಟ್‌ವಿಗ್ ಕೂಗಿದ.

"ಅಮ್ಮ ಜೇಬೆಲ್ಲ ತಡಕಿ ಕಳಿಸಿದ್ದಾಳೆ," ಎಂದ ಎಡ್ವಿನ್. ಮೇಲೆ ತಗಡು ಬಿಚ್ಚುತ್ತಿದ್ದವರೂ ನಕ್ಕರು.

ನಾಲ್ಕನೆಯ ದಿನ ರಾಕೆಲ್ ಬಂದಳು. ಕೈಗೆ ದಪ್ಪ ಉಣ್ಣೆಯ ಗವಸು ಹಾಕಿಕೊಂಡಿದ್ದಳು. ಗುನ್‌ವೋರ್ ಮಾತಾಡಿಸಲು ಹೋಗಲಿಲ್ಲ, ಅವಳ ಕೈಗೊಂದು ಮೊಳೆ ಕೀಳುವ ಸಲಾಕೆ ಕೊಟ್ಟಳು. ಅವತ್ತು ಚಾವಣಿಯ ಕೆಳಗಿನ ಹಲಗೆಗಳನ್ನು ತೆಗೆಯುವುದಿತ್ತು. ರಾಕೆಲ್ ಅಟ್ಟಣಿಗೆ ಹತ್ತಿ ಮೊದಲ ಹಲಗೆ ಕಿತ್ತಳು. ಹಿಂದೆ ಗೋಡೆಯಿಂದ ಗೇಣುದ್ದ ಚಾಚಿದ್ದ ಮರದ ಮೋಟು ಕಾಣಿಸಿತು. ಕೊಯ್ದ ಮುಖದ ಮೇಲೆ ಗರಗಸದ ಹಲ್ಲಿನ ಗುರುತು ಇನ್ನೂ ಇತ್ತು. ಅವಳು ಗವಸು ತೆಗೆದು ಅದನ್ನು ಮುಟ್ಟಿದಳು.

"ಹಾರ್ಟ್‌ವಿಗ್, ನಾನು ಹುಟ್ಟಿದ ದಿನದ್ದು ಇದೇನಾ?"

ಮುದುಕ ಬಾಗಿಲ ಹತ್ತಿರ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

"ಅದು ಹಿಂದಿನ ದಿನದ್ದು. ನಿನ್ನದು ಪಕ್ಕದ್ದು, ಅದರಾಚೆದೂ ನಿನ್ನದೇ. ಬೇಗ ಬಾರೇ ತಾಯಿ ಅಂದ್ರೆ ಬರ್ಲಿಲ್ಲ ನೀನು. ಒಬ್ಬಳೇ ಎರಡು ಮರ ನುಂಗಿದೆ."

ರಾಕೆಲ್ ನಗಲು ಹೋದಳು. ನಗು ಅರ್ಧಕ್ಕೆ ಅಳುವಾಯಿತು. ಹಣೆಯನ್ನು ಆ ಮೋಟಿಗೆ ಆನಿಸಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ಕೆಳಗಿದ್ದವರು ಕೆಲಸ ನಿಲ್ಲಿಸಿ ಬೇರೆ ಕಡೆ ನೋಡಿದರು. ಆಮೇಲೆ ಅವಳು ಇಳಿದು ಬಂದು ಹಾರ್ಟ್‌ವಿಗ್‌ನ ಎರಡೂ ಕೈ ಹಿಡಿದುಕೊಂಡಳು.

"ಥ್ಯಾಂಕ್ಸ್."

"ಆಯ್ತು ಆಯ್ತು, ಹೋಗು. ಮೊಳೆ ಹಾಗಲ್ಲ ಕೀಳೋದು, ಮರ ಸೀಳಿಹೋಗತ್ತೆ," ಎಂದ ಮುದುಕ, ಕೈ ಬಿಡಿಸಿಕೊಳ್ಳದೆ.

ಹೊರಡುವ ಮೊದಲು ರಾಕೆಲ್ ಗುನ್‌ವೋರ್ ಹತ್ತಿರ ಬಂದಳು. "ನಿನ್ನ ಮೇಲೆ ಇನ್ನೂ ಸಿಟ್ಟಿದೆ ಚಿಕ್ಕಮ್ಮ," ಎಂದಳು. "ಭಾನುವಾರ ಬರ್ತೀನಿ. ಕಾಫಿ ಜೊತೆ ವಾಫಲ್ ಮಾಡಿರು."

ಜುಲೈ ಕೊನೆಗೆ ಗೋಡೆಗಳೆಲ್ಲ ಇಳಿದಿದ್ದವು. ಗಟ್ಟಿಯಿದ್ದ ಮರಗಳನ್ನು ಬೇಕಾದವರು ತೆಗೆದುಕೊಂಡು ಹೋಗಿ ದೋಣಿಮನೆಗೋ ಬೇಲಿಗೋ ಹಾಕಿಕೊಂಡರು. ಉಳಿದದ್ದು ಬರಿಯ ಹಲಗೆಯ ನೆಲ, ಆಕಾಶದ ಕೆಳಗೆ. ಅದನ್ನು ಕೀಳುವ ಮುನ್ನ ಅಲ್ಲೇ ಒಂದು ಊಟ ಮಾಡೋಣ ಎಂದಳು ರಾಕೆಲ್. ಅಂದಿನ ನಲವತ್ತಮೂರು ಜನರಲ್ಲಿ ಊರಿನಲ್ಲಿದ್ದವರು ಹತ್ತೊಂಬತ್ತು. ಅವರು ತಮ್ಮ ತಮ್ಮ ಕುಟುಂಬ ಮಲಗುತ್ತಿದ್ದ ಜಾಗ ಹುಡುಕಿಕೊಂಡು ಕುಳಿತರು. ನೀನು ಇಲ್ಲಲ್ಲ, ಅಲ್ಲಿ, ನಿಮ್ಮಪ್ಪನ ಗೊರಕೆ ನಮ್ಮ ಕಿವಿಗೇ ಬರ್ತಿತ್ತು ಎಂದು ಒಬ್ಬರನ್ನೊಬ್ಬರು ಎಬ್ಬಿಸಿ ಕೂರಿಸಿದರು. ಬೇಯಿಸಿದ ಕಾಡ್ ಮೀನು, ಆಲೂಗಡ್ಡೆ, ಕರಗಿದ ಬೆಣ್ಣೆ. ಮಿಕ್ಕ ಊರೆಲ್ಲ ಸುತ್ತ ಕಟ್ಟೆಯ ಮೇಲೆ ಕುಳಿತು ಉಂಡಿತು.

ಊಟ ಮುಗಿದಾಗ, ಅಡುಗೆ ಮಾಡಿದವರಿಗೆ ಹೇಳುವಂತೆ, ಹಾರ್ಟ್‌ವಿಗ್ ಎದ್ದು ನಿಂತು, "ಊಟಕ್ಕೆ ಧನ್ಯವಾದ," ಎಂದ. ಅಡುಗೆ ಮಾಡಿದ ಹೆಂಗಸರು ಅವನ ಎಡಕ್ಕಿದ್ದರು. ಅವನು ತಿರುಗಿದ್ದು ಆ ಕಡೆಗಲ್ಲ, ಒಲೆ ಇದ್ದ ಜಾಗದ ಕಡೆಗೆ. ಹತ್ತೊಂಬತ್ತು ಜನರೂ ಎದ್ದರು, ಅದೇ ಮಾತು ಹೇಳಿದರು. ಆಮೇಲೆ ತಟ್ಟೆಗಳನ್ನು ಸಮುದ್ರದ ನೀರಿನಲ್ಲಿ ತೊಳೆದಿಟ್ಟು ಹಲಗೆ ಎತ್ತಲು ಶುರು ಮಾಡಿದರು.

ಮರುವರ್ಷ ಮಾರ್ಚಿನಲ್ಲಿ ಅಲ್ಲಿ ಮಂಜುಗಡ್ಡೆಯ ಮನೆ ಎದ್ದಿತು. ಹೋಗಿದ್ದ ಮೂರು ದೋಣಿಗಳಲ್ಲಿ ಎರಡು ವಾಪಸು ಬಂದವು. ಮೊದಲನೆಯದು ಮೀನು ಇಳಿಸಿದ ಬೆಳಿಗ್ಗೆ ಗುನ್‌ವೋರ್ ಅಂಚೆ ಕಚೇರಿಯ ಬಾಗಿಲು ಅರ್ಧ ಗಂಟೆ ಮುಚ್ಚಿ, ರಾಕೆಲ್‌ಳ ತೋಳಿಗೆ ತೋಳು ಸೇರಿಸಿಕೊಂಡು, ಕಟ್ಟೆಗೆ ನಡೆದುಹೋಗಿ ನೋಡಿ ಬಂದಳು.