ಮನೆತನದ ಹಣೆ ಸೊಸೆಗೆ ಹೇಗೆ ಬಂತು?

ಬಾಳೆಹೊನ್ನೂರಿನ ದಾಕ್ಷಾಯಿಣಿಯಮ್ಮನ ಮನೆಯಿಂದ ದಿನಾ ಬೆಳಿಗ್ಗೆ, ಶಾಲೆಗೆ ಹೊರಡುವ ಹೊತ್ತಿಗೆ, ಒಂದು ಅಳು ಕೇಳಿಸುತ್ತಿತ್ತು. ಅಜ್ಜಿ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಾರೆ ಎಂದುಕೊಂಡು ಅಕ್ಕಪಕ್ಕದವರು ತಮ್ಮ ಪಾಡಿಗೆ ತಾವು ಕಾಫಿ ಕುಡಿಯುತ್ತಿದ್ದರು. ತಲೆ ಬಾಚುವಾಗ ಅಳುವ ಹುಡುಗಿಯನ್ನು ನಮ್ಮಲ್ಲಿ ಯಾರು ತಾನೇ ಕೇಳಿಸಿಕೊಳ್ಳುತ್ತಾರೆ?

ಮೊಮ್ಮಗಳು ಸುಮನಾ ನಾಲ್ಕನೇ ಕ್ಲಾಸು. ಅವಳದು ಗುಂಗುರು ಕೂದಲು. ಬಿಟ್ಟರೆ ತಲೆ ತುಂಬ ಸುರುಳಿ ಸುರುಳಿ, ನೋಡಲು ಎಷ್ಟು ಚೆಂದ. ಅಜ್ಜಿಯ ಕಣ್ಣಿಗೆ ಮಾತ್ರ ಅದು ಕಾಡು. ತಲೆಗೆ ನೀರು ಚಿಮುಕಿಸಿ, ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಒಂದು ಸುರುಳಿಯೂ ಕಾಣದ ಹಾಗೆ ಹಿಂದಕ್ಕೆಳೆದು, ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ ರಿಬ್ಬನ್ ಬಿಗಿಯುತ್ತಿದ್ದರು. ಮಗುವಿನ ಹುಬ್ಬು ಮೇಲೇರಿದ ಮೇಲೆಯೇ ಅವರಿಗೆ ಸಮಾಧಾನ. ಮಳೆಗಾಲದಲ್ಲಿ ಅದರ ಮೇಲೊಂದು ದೊಡ್ಡ ಡೇರೆ ಹೂವಿನ ಭಾರ ಬೇರೆ.

ಸುಮನಾಳ ಹಣೆಯ ಎರಡೂ ಅಂಚಿನಲ್ಲಿ ಕೂದಲು ತೆಳುವಾಗುತ್ತಾ ಬಂತು. ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದವು. ದಾಕ್ಷಾಯಿಣಿಯಮ್ಮನಿಗೆ ಚಿಂತೆಯಾಗಲಿಲ್ಲ, ಹೆಮ್ಮೆಯಾಯಿತು.

"ನಮ್ಮ ಮನೆತನದ ಹಣೆ ಬರ್ತಾ ಉಂಟು ಕೂಸಿಗೆ. ವಿಭೂತಿ ಇಟ್ರೆ ಮೂರು ಗೆರೆನೂ ಎದ್ದು ಕಾಣ್ತದೆ" ಎಂದರು.

ಅವರ ತಾಯಿಗೂ ಅಗಲ ಹಣೆ, ಅವರಿಗೂ ಅಗಲ ಹಣೆ, ಮದುವೆಯಾಗಿ ಹೋದ ಮಗಳಿಗೂ ಅದೇ. ಸೊಸೆ, ಸುಮನಾಳ ತಾಯಿ ಸರ್ವಮಂಗಳಾಗೂ ಹಣೆ ಅಗಲವಾಗಿಯೇ ಇತ್ತು. ಬೇರೆ ಮನೆಯಿಂದ ಬಂದವಳಿಗೆ ಈ ಮನೆತನದ ಹಣೆ ಹೇಗೆ ಬಂತು ಎಂದು ಮಾತ್ರ ಯಾರೂ ಯೋಚಿಸಲಿಲ್ಲ.

ಅದನ್ನು ಕೇಳಿದವಳು ಮಾಲತಿ. ಸರ್ವಮಂಗಳಾಳ ಬಾಲ್ಯದ ಗೆಳತಿ, ನರಸಿಂಹರಾಜಪುರದವಳು. ಈಗ ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರೊಬ್ಬರ ಬಳಿ ನರ್ಸ್. ಒಂದು ದಿನ ಗೆಳತಿಯ ಮನೆಗೆ ಬಂದು ಉಳಿದವಳು ಬೆಳಿಗ್ಗೆ ಆ ಅಳು ಕೇಳಿ ಎದ್ದು ಬಂದಳು. ಮಗುವಿನ ಹಣೆ ನೋಡಿದಳು, ಗುಳ್ಳೆ ಮುಟ್ಟಿ ನೋಡಿದಳು. ಬಿಗಿ ಜಡೆಯಿಂದ ಹೀಗಾಗಿದೆ, ಬಿಚ್ಚಿಬಿಡಿ ಎಂದಳು.

ಅಜ್ಜಿ ಒಪ್ಪುವವರೇ? ಇದು ವಂಶದಲ್ಲಿ ಬಂದದ್ದು, ಬಿಗಿಯಾಗಿ ಕಟ್ಟಿದರೇ ಕೂದಲು ಉದ್ದ ಬರುವುದು, ಅಲ್ಲದೆ ಶಾಲೆಯವರೇ ಜಡೆ ಹಾಕಿಸಿ ಎಂದಿದ್ದಾರೆ ಎಂದು ವಾದಿಸಿದರು.

"ಶಾಲೆಯವ್ರು ಜಡೆ ಕೇಳಿದ್ದು ಅಮ್ಮ, ಬಿಗಿ ಜಡೆ ಅಲ್ಲ" ಎಂದಳು ಮಾಲತಿ. "ಮೆಣಸಿನ ಸಸಿನ ದಿನಾ ಹಿಡ್ದು ಜಗ್ಗಿದ್ರೆ ಉದ್ದ ಆಗ್ತದಾ? ಬೇರು ಸಡಿಲ ಆಗ್ತದೆ."

ಆಮೇಲೆ ಗೆಳತಿಯ ಕಡೆ ತಿರುಗಿ ನೋಡಿ, ಮೆಲ್ಲಗೆ ಕೇಳಿದಳು: "ಇವಳನ್ನ ನೋಡಕ್ಕೆ ಬಂದಾಗ ನೀವೇ ಎಂತ ಹೇಳಿದ್ರಿ, ನೆನಪುಂಟಾ ಅಮ್ಮ? ಹುಡುಗಿಗೆ ಹಣೆನೇ ಇಲ್ಲ, ವಿಭೂತಿ ಎಲ್ಲಿ ಇಡೋದು ಅಂದಿದ್ರಿ. ಮನೆತನದ ಹಣೆ ಸೊಸೆಗೆ ಹೆಂಗೆ ಬಂತು?"

ದಾಕ್ಷಾಯಿಣಿಯಮ್ಮನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಆ ಮಾತು ಅವರೇ ಆಡಿದ್ದು. ಸೊಸೆ ಮನೆಗೆ ಬಂದಂದಿನಿಂದ ಅವಳ ತಲೆ ಬಾಚಿ ಜಡೆ ಹೆಣೆದದ್ದೂ ಅವರೇ. ಊರೆಲ್ಲ ಮೆಚ್ಚಿಕೊಂಡಿತ್ತು, ಅತ್ತೆ ಅಂದರೆ ಹೀಗಿರಬೇಕು ಎಂದು.

"ನೋಯ್ತದೆ ಅಂತ ಒಂದ್ ದಿನನೂ ಹೇಳ್ಲಿಲ್ವಲ್ಲೇ ನೀನು" ಎಂದರು ಸೊಸೆಗೆ.

ಸರ್ವಮಂಗಳಾ ತಲೆ ತಗ್ಗಿಸಿದಳು. "ಅವ್ವ ಹೋದ್ಮೇಲೆ ನಂಗ್ಯಾರೂ ತಲೆ ಬಾಚಿರ್ಲಿಲ್ಲ ಅತ್ತೆ. ನೋವು ಅಂದ್ರೆ ನೀವು ಬಾಚೋದೇ ಬಿಡ್ತೀರೇನೋ ಅಂತ ಸುಮ್ನಿದ್ದೆ."

ಅಜ್ಜಿ ಬಾಚಣಿಗೆ ಕೆಳಗಿಟ್ಟರು. ಸುಮನಾಳ ರಿಬ್ಬನ್ ಬಿಚ್ಚಿದರು. ಅವರ ಕಣ್ಣು ತುಂಬಿತ್ತು.

ಮಾಲತಿ ಅಂದೇ ತಾಯಿ ಮಗಳಿಬ್ಬರನ್ನೂ ಶಿವಮೊಗ್ಗಕ್ಕೆ, ತನ್ನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಸುಮನಾಗೆ ಇನ್ನೂ ಸಮಯವಿದೆ, ಎಳೆಯುವುದನ್ನು ನಿಲ್ಲಿಸಿದರೆ ಕೂದಲು ಮರಳಿ ಬರಬಹುದು ಎಂದರು ಡಾಕ್ಟರು. ಸರ್ವಮಂಗಳಾಗೆ ಮಾತ್ರ, ಅಂಚಿನ ಕೂದಲ ಬುಡವೇ ಸತ್ತುಹೋಗಿದೆ, ಅದು ಬರುವುದು ಕಷ್ಟ ಎಂದರು.

ಈಗ ಆ ಮನೆಯಲ್ಲಿ ಬೆಳಿಗ್ಗೆ ಅಳು ಇಲ್ಲ. ಅಜ್ಜಿ ಅಗಲ ಹಲ್ಲಿನ ಬಾಚಣಿಗೆಯಲ್ಲಿ, ಮೊದಲು ತುದಿಯ ಸಿಕ್ಕು ಬಿಡಿಸಿ, ಆಮೇಲೆ ಬುಡಕ್ಕೆ ಬರುತ್ತಾರೆ. ಒದ್ದೆ ಕೂದಲನ್ನು ಬಿಗಿದು ಕಟ್ಟುವುದಿಲ್ಲ. ಹಣೆಯಂಚಿನ ಸುರುಳಿಗಳನ್ನು ಅವುಗಳ ಪಾಡಿಗೆ ಬಿಟ್ಟಿದ್ದಾರೆ. ಬೈತಲೆಯನ್ನು ಆಗಾಗ ಬದಲಿಸುತ್ತಾರೆ, ಬಿಗಿ ರಿಬ್ಬನ್ನಿನ ಬದಲು ಮೆತ್ತನೆ ಬಟ್ಟೆಯ ಬ್ಯಾಂಡು ಹಾಕುತ್ತಾರೆ, ಶಾಲೆಯಿಂದ ಬಂದ ಕೂಡಲೇ ಜಡೆ ಬಿಚ್ಚುತ್ತಾರೆ. ಡೇರೆ ಹೂವು ಈಗ ದೇವರ ಪಾಲು. ಸುಮನಾಳ ಹಣೆಯಂಚಿನಲ್ಲಿ ಎಳೆಗೂದಲು ಬರತೊಡಗಿದೆ.

ಸೊಸೆಯ ಹಣೆಯಲ್ಲಿ ವಿಭೂತಿಯ ಮೂರು ಗೆರೆ ಈಗಲೂ ಎದ್ದು ಕಾಣುತ್ತದೆ. ದಾಕ್ಷಾಯಿಣಿಯಮ್ಮ ಅದನ್ನು ನೋಡಿ ಹಿಗ್ಗುವುದಿಲ್ಲ. ಅವಳ ತಲೆ ಈಗಲೂ ಅವರೇ ಬಾಚುತ್ತಾರೆ, ಬಹಳ ಹಗುರವಾಗಿ. ಇದೇ ಕೈ ಮೊದಲೇ ಹಗುರವಾಗಿದ್ದರೆ ಎಂಬ ಕೊರಗು ಅವರನ್ನು ಬಿಟ್ಟಿಲ್ಲ.

ಅಮ್ಮಂದಿರೇ, ಅಜ್ಜಿಯಂದಿರೇ, ನಿಮ್ಮ ಮನೆಯ ಹೆಣ್ಣುಮಕ್ಕಳ ಹಣೆಯಂಚನ್ನು ಇವತ್ತೇ ಬೆಳಕಿನಲ್ಲಿ ನೋಡಿ. ಕೂದಲು ತೆಳುವಾಗಿದ್ದರೆ, ಗುಳ್ಳೆ ಎದ್ದಿದ್ದರೆ, ಜಡೆ ಹಾಕಿದ ಮೇಲೆ ತಲೆ ನೋಯುತ್ತಿದ್ದರೆ, ಜಡೆ ಸಡಿಲಿಸಿ, ಡಾಕ್ಟರಿಗೆ ತೋರಿಸಿ. ತಡ ಮಾಡಿದರೆ ಹೋದ ಕೂದಲು ಮರಳಿ ಬಾರದೆ ಇರಬಹುದು. ಮಗು ಅತ್ತರೆ ಕೇಳಿಸಿಕೊಳ್ಳಿ. ಅಳದೆ ಸುಮ್ಮನೆ ಕುಳಿತವಳನ್ನೂ ಒಮ್ಮೆ ಕೇಳಿ, ನೋಯುತ್ತಿದೆಯಾ ಎಂದು.