ಖಾಲಿ ಹಾಸಿಗೆಗಳ ಕಾವಲು

ನನ್ನ ಅತ್ತಿಗೆಗೆ ಎರಡು ಕೈಗಳಿರುವುದು ಮನೆಯವರಾದ ನಮಗೆ ಗೊತ್ತು. ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಅವರು ನಿಂತದ್ದನ್ನು ಕಂಡವರಿಗೆ ಅದೊಂದು ಊಹೆ ಮಾತ್ರ. ಬಿಳಿ ಕೋಟಿನ ಜೇಬಿನಾಳಕ್ಕೆ ಇಳಿದ ಆ ಕೈಗಳ ಭಾರಕ್ಕೆ ಜೇಬುಗಳು ಜೋತುಬಿದ್ದು, ದರ್ಜಿಯ ಹೊಲಿಗೆಗೆ ನಿಲ್ಲದೆ, ಕೊನೆಗೆ ಚಪ್ಪಲಿ ಹೊಲಿಯುವವನ ದಪ್ಪ ದಾರಕ್ಕೆ ಶರಣಾಗಿದ್ದವು. ಇದು ಸೋಮಾರಿತನವಲ್ಲ, ವ್ರತ. ಎಲ್ಲಾದರೂ ಬಾಂಬು ಸಿಡಿದು ಗಾಯಾಳುಗಳು ಒಮ್ಮೆಲೇ ನುಗ್ಗಿದರೆ, ಬಾಗಿಲಲ್ಲಿ ನಿಲ್ಲುವ ವೈದ್ಯರು ಯಾರನ್ನೂ ಮುಟ್ಟಕೂಡದು, ಯಾರು ಎಲ್ಲಿಗೆ ಹೋಗಬೇಕೆಂದಷ್ಟೇ ಹೇಳಬೇಕು ಎಂಬುದು ಅವರ ಸಿದ್ಧಾಂತ.

“ಒಬ್ಬರ ಗಾಯಕ್ಕೆ ಕೈ ಹಾಕಿದ್ರೆ ಕಣ್ಣೂ ಅಲ್ಲೇ ನಿಂತ್ಬಿಡುತ್ತೆ. ಆಮೇಲೆ?”

ಈ ‘ಆಮೇಲೆ?’ ಅವರ ಮಾತಿನ ಪಲ್ಲವಿ. ಎದುರುಗಾಳಿಯಲ್ಲಿ ನಡೆಯುವವರಂತೆ ಸದಾ ಮುಂದಕ್ಕೆ ಬಾಗಿ ನಡೆಯುವ ಅತ್ತಿಗೆ, ಎಲ್ಲರೂ ಕೊಂಡಾಡುವ ಹೊಸ ಲಿಫ್ಟಿನ ಎದುರು ನಿಂತು “ಕರೆಂಟು ಹೋದ್ರೆ? ಆಮೇಲೆ?” ಎನ್ನುವರು. ಹಿಂದೊಮ್ಮೆ ನಮ್ಮಣ್ಣ ಗಂಟಲು ಸರಿಮಾಡಿಕೊಂಡು ಪ್ರೇಮ ನಿವೇದಿಸಿದಾಗಲೂ ಇದೇ ಪ್ರಶ್ನೆ ಬಂತಂತೆ. ಪಾಪ, ಬೇರೆ ಉತ್ತರ ಹೊಳೆಯದೆ ಮದುವೆಯಾಗಿಬಿಟ್ಟ.

ಅಣಕವೇ ಹೊಟ್ಟೆಪಾಡಾದ ನನಗಿಂತ ಹೆಚ್ಚು ಅಣಕು ಪ್ರದರ್ಶನಗಳನ್ನು ನಡೆಸಿದವರು ಅವರು. ಹೇಳದೆ ಕೇಳದೆ ಗಂಟೆ ಬಾರಿಸಿ, ತುರ್ತು ವಿಭಾಗದ ರೋಗಿಗಳನ್ನು ಮೇಲಿನ ವಾರ್ಡುಗಳಿಗೆ ಸಾಗಿಸಿ, ಅವಸರವಿಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿ, ಕ್ಯಾಂಟೀನಿನ ಮೇಜುಗಳ ಮೇಲೆ ಬ್ಯಾಂಡೇಜು ಹರಡಿಸುವರು. ಪ್ರತಿ ಸಲವೂ ಕೈಯಲ್ಲಿದ್ದ ಚಹಾ ತಣ್ಣಗಾಗಿಸಿಕೊಂಡ ಸಹೋದ್ಯೋಗಿಗಳು ಅವರಿಗೆ ‘ತೋಳ ಬಂತು ಡಾಕ್ಟರು’ ಎಂದು ಹೆಸರಿಟ್ಟರು. ತೋಳದ ಡಾಕ್ಟರಿಗೆ ತೋಳೇ ಇಲ್ಲವಲ್ಲ ಎಂದು ನಾನೂ ಒಂದು ಒಗ್ಗರಣೆ ಹಾಕಿದೆ. ಅತ್ತಿಗೆ ನಗಲಿಲ್ಲ. “ಕಥೇಲಿ ಕೊನೆಗೆ ತೋಳ ಬಂದೇ ಬಂತು, ಮರೀಬೇಡ” ಎಂದರು.

ಬಂತು. ಒಂದು ಬೆಳಿಗ್ಗೆ, ರೈಲು ನಿಲ್ದಾಣಕ್ಕೆ. ಪತ್ರಿಕೆ ಕೊಳ್ಳುತ್ತ ನಿಂತಿದ್ದ ನನ್ನ ಹಿಂದೆಲ್ಲೋ ಗಾಜೂ ಗೋಡೆಯೂ ಒಟ್ಟಿಗೆ ಕುಸಿದ ಸದ್ದು; ಮುಟ್ಟಿಕೊಂಡರೆ ಕಿವಿಯಲ್ಲಿ ರಕ್ತ. ನನ್ನಂತೆ ಕಿರುಚಬಲ್ಲವರೆಲ್ಲ ಸಿಕ್ಕಿದ ಟ್ಯಾಕ್ಸಿಗಳಿಗೆ ನುಗ್ಗಿ, ಒಂದು ಆಂಬುಲೆನ್ಸೂ ಬರುವ ಮುನ್ನವೇ ಆಸ್ಪತ್ರೆಯ ಮುಂದೆ ಜಮಾಯಿಸಿದ್ದೆವು. ಬಾಗಿಲಲ್ಲಿ ಅತ್ತಿಗೆ, ಜೇಬಿನಲ್ಲಿ ಕೈ.

“ಅತ್ತಿಗೇ, ರಕ್ತ! ನಾನು ಸತ್ತೆ!”

“ಇಷ್ಟು ಗಟ್ಟಿಯಾಗಿ ಯಾರೂ ಸಾಯಲ್ಲ ಕಣೋ. ಟವೆಲ್ ಒತ್ತಿ ಹಿಡ್ಕೊಂಡು ಕ್ಯಾಂಟೀನಿಗೆ ನಡಿ.”

“ಅಳೋ ಮಗೂಗೆ ಹಾಲು ಅಂತಾರೆ, ನೀವು ನೋಡಿದ್ರೆ...”

“ಅಳೋ ಮಗು ಬದುಕಿದೆ. ನಡಿ ನಡಿ.”

ಕ್ಯಾಂಟೀನಿನಲ್ಲಿ ಚರ್ಮದ ಡಾಕ್ಟರೊಬ್ಬರು ನನ್ನ ಕಿವಿ ಹೊಲಿಯುತ್ತಿರುವಾಗ ಗಾಜಿನಾಚೆ ತುರ್ತು ವಿಭಾಗ ನಿಚ್ಚಳವಾಗಿ ಕಾಣುತ್ತಿತ್ತು: ಶುಭ್ರ ಹಾಸಿಗೆಗಳ ಸಾಲು, ಪ್ರತಿಯೊಂದರ ಪಕ್ಕದಲ್ಲೂ ಕೈಗವಸು ತೊಟ್ಟು ನಿಂತ ನರ್ಸು, ಒಂದರ ಮೇಲೂ ರೋಗಿಯಿಲ್ಲ. ಪಕ್ಕದಲ್ಲಿ ಮೊಣಕೈ ತರಚಿಕೊಂಡ ವ್ಯಾಪಾರಿಯೊಬ್ಬರು ಕುದಿಯುತ್ತಿದ್ದರು: “ಯಾರಿಗ್ರೀ ಕಾದಿರ್ಸಿದಾರೆ ಅವನ್ನ? ಮಂತ್ರಿಗಳ ಮಾವಂದಿರಿಗಾ?” ಕೂಗು ಹೊರಗೂ ಹಬ್ಬಿ, ಆಸ್ಪತ್ರೆಯ ಮುಖ್ಯಸ್ಥರು ಏದುಸಿರು ಬಿಡುತ್ತ ಅತ್ತಿಗೆ ನಿಂತಿದ್ದ ಬಾಗಿಲಿಗೆ ಓಡಿಬಂದರು; ಅವರ ಮಾತು ಕ್ಯಾಂಟೀನಿಗೂ ಕೇಳಿಸುತ್ತಿತ್ತು.

“ಜನ ರಕ್ತ ಸುರಿಸ್ಕೊಂಡು ನಿಂತಿದಾರೆ, ನೀವು ಹಾಸಿಗೆ ಕಾಯ್ತಾ ಇದೀರಲ್ಲ ಡಾಕ್ಟರೇ! ಮಲಗಿಸ್ರೀ ಮೊದ್ಲು!”

“ಇವ್ರು ಕೂಗ್ತಿದಾರೆ ಸರ್. ಕೂಗೋಕಾಗದೋರು ಇನ್ನೂ ಬಂದಿಲ್ಲ.”

“ಬರದೇ ಹೋದ್ರೆ?”

“ಅದಕ್ಕಿಂತ ಒಳ್ಳೇದೇನಿದೆ? ನನ್ನ ಕೆಲಸ ಒಂದು ಹೋಗುತ್ತೆ, ಅಷ್ಟೇ ತಾನೆ.”

ಅವರ ಇಡೀ ವೃತ್ತಿಜೀವನ ಆಗ ಗೇಟಿನಾಚೆಯ ಖಾಲಿ ರಸ್ತೆಯನ್ನು ನೆಚ್ಚಿ ನಿಂತಿತ್ತು. ಮುಖ್ಯಸ್ಥರು ತಾವೇ ಒಬ್ಬರನ್ನು ಒಳಗೆ ಕರೆಯಲು ಕೈ ಎತ್ತಿದ್ದರು. ಅಷ್ಟರಲ್ಲಿ ಸೈರನ್ ಕೇಳಿಸಿತು.

ಮೊದಲ ಸ್ಟ್ರೆಚರಿನಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು. ಮೈಮೇಲೆ ಒಂದು ಗೀರಿಲ್ಲ, ಕೈಚೀಲ ಇನ್ನೂ ಎದೆಗವಚಿಕೊಂಡೇ ಇದೆ, ತುಟಿ ಮಾತ್ರ ಬೂದಿಬಣ್ಣ. ನರ್ಸು ನಾಡಿ ಹಿಡಿದು ಮುಖ ನೋಡಿದಳು; ಅತ್ತಿಗೆ ಹೇಳಿದರು: “ಒಳಗೊಳಗೇ ರಕ್ತ ಹೋಗ್ತಿದೆ. ನೇರ ಥಿಯೇಟರ್‌ಗೆ.” ಆಕೆಯ ಹಿಂದೆ ಇನ್ನೊಬ್ಬರು, ಮತ್ತೊಬ್ಬರು, ಸದ್ದಿಲ್ಲದವರ ಮೆರವಣಿಗೆಯೇ ಬಂತು, ಹಾಸಿಗೆಗಳು ಒಂದೊಂದಾಗಿ ತುಂಬಿದವು. ನನ್ನ ಪಕ್ಕದ ವ್ಯಾಪಾರಿ ತರಚಿದ ಮೊಣಕೈಯನ್ನು ಮೆಲ್ಲನೆ ಶರ್ಟಿನೊಳಗೆ ಅಡಗಿಸಿಕೊಂಡರು. ವೃದ್ಧರೊಬ್ಬರು ಮಲಗಿದಲ್ಲಿಂದಲೇ ಅತ್ತಿಗೆಯ ಕೋಟಿನ ಅಂಚು ಹಿಡಿದು “ಅಮ್ಮಾ” ಎಂದಾಗ, ಜೇಬಿನೊಳಗಿನ ಕೈ ಬಲೆಗೆ ಬಿದ್ದ ಮೀನಿನಂತೆ ಮಿಡುಕಿತು, ಹೊರಗೆ ಬರಲಿಲ್ಲ. ಕೊನೆಯ ಆಂಬುಲೆನ್ಸ್ ಮರಳಿದ ಮೇಲೆ ನೋಡಿದರೆ ಜೇಬಿನ ಒಳಬಟ್ಟೆ ಹರಿದು ಮುಷ್ಟಿಯಲ್ಲೇ ಉಳಿದಿತ್ತು. ಬಂದವರೆಲ್ಲ ಉಳಿಯಲಿಲ್ಲ; ಆದರೆ ಹಾಸಿಗೆಯಿಲ್ಲವೆಂಬ ಕಾರಣಕ್ಕೆ ಯಾರೂ ಹೋಗಲಿಲ್ಲ.

ಕೆಲವು ವಾರಗಳ ನಂತರ ಕಿವಿ ತೋರಿಸಲು ಹೋದಾಗ, ವಿಚಾರಣೆಯ ಕಿಟಕಿಯಲ್ಲಿ ಯಾರೋ “ನನ್ನನ್ನ ಕ್ಯಾಂಟೀನಿಗೆ ಅಟ್ಟಿದ್ರು!” ಎಂದು ಗುಡುಗುತ್ತಿದ್ದರು. “ಎಷ್ಟು ಚೆನ್ನಾಗಿ ಉಸಿರಾಡ್ತಿದಾರೆ ನೋಡು” ಎಂದು ಅತ್ತಿಗೆ ಮೆಚ್ಚಿದರು. ಅಷ್ಟರಲ್ಲಿ ಮಗಳ ಭುಜ ಹಿಡಿದು ನಿಧಾನವಾಗಿ ಬಂದ ಹೆಂಗಸೊಬ್ಬರು ನಮ್ಮೆದುರು ನಿಂತರು. ಕೈಚೀಲ ನೋಡಿದೊಡನೆ ನನಗೆ ಗುರುತು ಸಿಕ್ಕಿತು.

“ಹೊರಗೆ ಹೋಗೋ ಬಾಗಿಲು ಯಾವ ಕಡೆ ಮೇಡಂ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ಕಾಲು ತುಳಿದರು. “ಹೀಗೇ ನೇರ ಹೋಗಿ ಎಡಕ್ಕೆ ತಿರುಗಿ. ಮೆಟ್ಟಿಲಿದೆ, ಹುಷಾರು.”

ಬಾಗಿಲು ಕಾಯುವ ಇಂಥವರ ಹಣೆಬರಹವೇ ವಿಚಿತ್ರ: ಅವರಿಂದ ಉಳಿದವರು ಅವರ ಮುಖ ಕಂಡಿರುವುದಿಲ್ಲ, ಮುಖ ಕಂಡವರು ಬೈಯುವಷ್ಟು ಗಟ್ಟಿಮುಟ್ಟಾಗಿರುತ್ತಾರೆ. ಗುರುತು ಹಿಡಿಯದೆ ತಮ್ಮನ್ನು ದಾಟಿ ನಡೆದುಹೋಗುವ ಹೆಜ್ಜೆಗಳೇ ಅವರಿಗೆ ಸಲ್ಲುವ ವಂದನೆ, ಮತ್ತು ಆ ವಂದನೆಯನ್ನು ಮನಸಾರೆ ಸ್ವೀಕರಿಸುವ ವಿದ್ಯೆ, ನಮ್ಮ ಪುಣ್ಯ, ಅವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ.