ಎರಡು ಪಾಲಾದ ಪೆಟ್ಟಿಗೆ

“ಇದು ನಾ ಬರ್ದಿದ್ದು,” ಎಂದು ಬಾವ ರವಿಶಂಕರ್ ತನ್ನ ಕಂಪ್ಯೂಟರಿನ ಪರದೆಗೆ ಬೆರಳಿಟ್ಟು ಹೇಳಿದ್ದು, ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ವಾಣಿಗೆ ಕೇಳಿಸಿತು. ಪರದೆಯ ಮೇಲೆ ಸಾಲಾಗಿ ನಡೆಯುತ್ತಿದ್ದವು ಅವಳು ತಿಂಗಳುಗಟ್ಟಲೆ ಕೂತು ಬಿಡಿಸಿದ ಸೀರೆಯಂಚಿನ ಹಂಸಗಳು. ಸೀರೆ ಅಂಗಡಿಯ ಮುನುಸ್ವಾಮಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡುತ್ತಿದ್ದರು.

ಬಾವನ ಕೈ ಉದ್ದವೆಂಬುದು ಹೊಸತಲ್ಲ. ಸೇಲಂನ ಆ ನೇಕಾರರ ಮನೆಗೆ ಕಂಪ್ಯೂಟರುಗಳು ಬಂದು, ಒಂದಕ್ಕೊಂದು ತಂತಿ ಬಿಗಿದಂದಿನಿಂದ ವಾಣಿಯ ಅಂಚುಗಳು ಅವನ ಹೆಸರು ಹೊತ್ತು ಅಂಗಡಿ ಸೇರುತ್ತಿದ್ದವು. ನೂಲಿಗೂ ಜರಿಗೂ ವ್ಯತ್ಯಾಸ ತಿಳಿಯದವನು. ಕೇಳಿದರೆ, ಒಂದೇ ಮನೆ, ನಿಂದೇನು ನಂದೇನು ಎಂದು ನಗುವನು. ಆ ನಗುವಿನಲ್ಲಿ ಬಾಯಿ ತುಂಬ ಹಲ್ಲಿತ್ತು, ಮರ್ಯಾದೆ ಇರಲಿಲ್ಲ. ಅವಳ ಗಂಡ ರಾಮು ಅಣ್ಣನೆದುರು ಉಸಿರೆತ್ತುವವನಲ್ಲ.

ತೊಂಬತ್ತೆಂಟರಲ್ಲಿ ಕಂಪ್ಯೂಟರುಗಳ ತಂತಿಗಳು ಕೂಡುವ ಡಬ್ಬ ಕೆಟ್ಟಾಗ, ಅದರ ಜಾಗಕ್ಕೆ ಸ್ವಿಚ್ ಎಂಬ ಹೊಸ ಡಬ್ಬ ಕೊಳ್ಳಲು ಎಲ್ಲರೂ ಹೋದರು. ಬಾವ ಹೆಣ್ಣು ನೋಡಲು ಬಂದವನಂತೆ ಡಬ್ಬಗಳನ್ನು ತಿರುಗಿಸಿ ತಿರುಗಿಸಿ, ದೀಪ ಜಾಸ್ತಿ ಇರುವುದೇ ಒಳ್ಳೆಯದೆಂದ. ವಾಣಿ ತೋರಿಸಿದ್ದು ಬೇರೆಯದನ್ನು, ಹೇಳಿದ ಮಾತು ಕೇಳುವ ಸ್ವಿಚ್ಚನ್ನು. ಯಾವ ತೂತಿನ ತಂತಿ ಯಾವುದರೊಡನೆ ಮಾತಾಡಬೇಕು, ಯಾವುದರೊಡನೆ ಕೂಡದು ಎಂದು ಅದಕ್ಕೆ ಕಂಪ್ಯೂಟರಿನಿಂದಲೇ ಅಪ್ಪಣೆ ಕೊಡಬಹುದು. ದೊಡ್ಡ ಆಫೀಸಿನವರು ಕೊಳ್ಳುವುದು ಇದನ್ನೇ ಎಂದು ಅಂಗಡಿಯವನು ಹೇಳಿದ್ದೇ ತಡ, ಬಾವ ಅದನ್ನು ತಾನೇ ಆರಿಸಿದವನಂತೆ ಎದೆಗವಚಿಕೊಂಡ.

ಮನೆಗೆ ಬಂದ ಮೇಲೆ ಅದಕ್ಕೆ ಗಂಧ ಕುಂಕುಮವಿಟ್ಟು ಕೈಮುಗಿದಲ್ಲಿಗೆ ಅವನ ಕೆಲಸ ಮುಗಿಯಿತು. ಪುಸ್ತಕ ನೋಡಿ, ಒಂದೊಂದೇ ಅಪ್ಪಣೆ ಬರೆದವಳು ವಾಣಿ. ಎಡಗಡೆಯ ತೂತುಗಳು ಬಾವನ ಪಾಲು, ಬಲಗಡೆಯವು ತನ್ನ ಪಾಲು, ನಡುವೆ ಕಣ್ಣಿಗೆ ಕಾಣದ ಗೋಡೆ. ಅಜ್ಜಿಯ ಕತೆಯ ರಾಕ್ಷಸ ಏಳು ಸಮುದ್ರದಾಚೆಯ ಗಿಳಿಯೊಳಗೆ ಪ್ರಾಣವಿಟ್ಟಂತೆ ಅವಳು ಹಂಸಗಳನ್ನು ಗೋಡೆಯ ಈಚೆ ಬಚ್ಚಿಟ್ಟು ನಿಶ್ಚಿಂತಳಾಗಿದ್ದಳು. ಬೆಳಿಗ್ಗೆ ಎದ್ದವನೇ, ಇವತ್ತಾದರೂ ಅವಳ ಪಾಲು ತೆರೆದೀತೇ ಎಂದು ತನ್ನ ಕಂಪ್ಯೂಟರಿನಲ್ಲಿ ಒತ್ತಿ ನೋಡುವ ಚಟ ಮಾತ್ರ ಬಾವನಿಗೆ ಹೋಗಿರಲಿಲ್ಲ.

ಇವತ್ತು ತೆರೆದಿತ್ತು. ವಾಣಿ ಸ್ವಿಚ್ಚಿನತ್ತ ನೋಡಿದಳು. ಬಾವನ ತಂತಿ ಬಲಗಡೆಯ ತೂತಿನಲ್ಲಿ ಕೂತಿತ್ತು. ಪಕ್ಕದಲ್ಲೇ ರಾಟೆಯ ಮುಂದಿದ್ದ ಅತ್ತೆ ಮುನಿವೆಂಕಟಮ್ಮನನ್ನು ಮೆಲ್ಲಗೆ ಕೇಳಿದಳು.

“ಕಸ ಗುಡುಸ್ವಾಗ ಕಳಚ್ಕಂಡು ತೂಗಾಡ್ತಿತ್ತು ಕಣವ್ವ. ಅತ್ರ ಇದ್ದ ತೂತ್ಗೆ ಸೇರುಸ್ದೆ,” ಎಂದರು ಅತ್ತೆ.

ಜೀವಮಾನವೆಲ್ಲ ಮಗ್ಗದಲ್ಲಿ ಕೂತವರು. ಕಡಿದ ಎಳೆ ಕಂಡರೆ ಉಣ್ಣುವುದನ್ನು ಬಿಟ್ಟೆದ್ದು ಗಂಟು ಹಾಕುವ ಕೈ ಅದು. ಅದರ ಮೇಲೆ ಸಿಟ್ಟಾಗುವುದು ಹೇಗೆ?

ಅಷ್ಟರಲ್ಲಿ ಮುನುಸ್ವಾಮಿ, ಸೆರಗಿನ ಹತ್ತಿರ ಬಂದ ಹಂಸಗಳು ಹಿಂದಕ್ಕೆ ತಿರುಗಿವೆಯಲ್ಲ, ಯಾಕೆ ಎಂದು ಕೇಳಿದರು.

“ಸುಮ್ಮಾ, ಸ್ಟೈಲ್‌ಗೆ ಸಾರ್,” ಎಂದ ಬಾವ.

ವಾಣಿಗೆ ತಡೆಯಲಾಗಲಿಲ್ಲ. “ಸೆರಗು ಬೆನ್ ಮೇಲೆ ಇಳೀತೈತಲ್ಲ ಸಾರ್, ಆವಾಗ ಅಂಸ ತಲೆಕೆಳಗಾಗಿ ಬೀಳೋ ಅಂಗೆ ಕಾಣ್ತೈತೆ. ತಿರುಗ್ಸುದ್ರೆ ಮೇಲಕ್ ಅತ್ತೋ ಅಂಗಿರ್ತೈತೆ.”

ಮುನುಸ್ವಾಮಿ ತಲೆಯೆತ್ತಿ, ಇವರು ಯಾರೆಂದು ವಿಚಾರಿಸಿದರು.

“ನಮ್ ತಮ್ಮನ್ ಎಂಡ್ರು,” ಎಂದ ಬಾವ. “ಕಾಪಿ ಚೆನ್ನಾಗ್ ಮಾಡ್ತಾಳೆ.”

ವಾಣಿ ಕಾಫಿಯನ್ನು ಇಬ್ಬರ ಮುಂದೆಯೂ ಇಟ್ಟಳು. ಹಾಗೆಯೇ ಕೋಣೆಯ ಇನ್ನೊಂದು ಬದಿಗೆ ಹೋಗಿ ತನ್ನ ಕಂಪ್ಯೂಟರಿನ ಮುಂದೆ ಕೂತು ಸ್ವಿಚ್ಚಿಗೆ ಒಂದು ಸಾಲಿನ ಅಪ್ಪಣೆ ಬರೆದಳು. ಬಾವನ ತಂತಿಯ ದೀಪ ಆರಿತು.

ಸೆರಗನ್ನೂ ನೋಡೋಣ ಎಂದರು ಮುನುಸ್ವಾಮಿ. ಬಾವ ಒತ್ತಿದ. ಪರದೆಯ ಮೇಲೆ ಮರಳುಗಡಿಯಾರ ಬಂದು ನಿಂತಿತು. ಮತ್ತೆ ಒತ್ತಿದ, ಮೌಸನ್ನು ಮೇಜಿಗೆ ಕುಟ್ಟಿದ, ಮೊದಲು ಕರೆಂಟನ್ನು ಬೈದ, ಆಮೇಲೆ ಡಬ್ಬವನ್ನು.

“ಡಬ್ಬ ಸರಿಯಾಗೈತೆ ಬಾವ,” ಎಂದಳು ವಾಣಿ, ತಿರುಗದೆ. “ಬರ್ದೋರು ಯಾರು ಅಂತ ಕೇಳ್ತೈತೆ, ಅಷ್ಟೇ.”

ಅವಳ ಪರದೆಯ ಮೇಲೆ ಸೆರಗು ನಿಧಾನವಾಗಿ, ಮೇಲಿನಿಂದ ಕೆಳಕ್ಕೆ, ಬಿಚ್ಚಿಕೊಳ್ಳತೊಡಗಿತು. ಮುನುಸ್ವಾಮಿ ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದರಲ್ಲಿ ಕುರ್ಚಿಯನ್ನು ಎಳೆದುಕೊಂಡು, ಕೋಣೆಯ ಆ ಬದಿಗೆ ನಡೆದರು.